ಗಡಿನಾಡ ಗ್ರಂಥಾಲಯಗಳಲ್ಲಿ ಆನ್‌ಲೈನ್ ಸಾಧನಗಳು: ನಾರಾಯಣಪೇಟೆ, ಮಕ್ತಲ್, ಗದ್ವಾಲ

ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲದ ಸಾರ್ವಜನಿಕ ಗ್ರಂಥಾಲಯಗಳು ಇಂದು ಒಂದೇ ಕಾಯ್ದೆಯಡಿ ನಡೆಯುತ್ತವೆಯಾದರೂ ಅವು ಅಲ್ಲಿಗೆ ಬಂದ ದಾರಿ ಒಂದೇ ಅಲ್ಲ. ಹೈದರಾಬಾದ್ ರಾಜ್ಯದ ಕೊನೆಯ ವರ್ಷಗಳಲ್ಲಿ ನಾರಾಯಣಪೇಟೆ ಮತ್ತು ಮಕ್ತಲ್ ಮಹಬೂಬನಗರ ಜಿಲ್ಲೆಯಲ್ಲಿದ್ದವು. ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಎರಡು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು, ರಾಯಚೂರು ಮೈಸೂರು ರಾಜ್ಯದಲ್ಲಿ ಉಳಿಯಿತು. ಅದಕ್ಕೆ ಒಂದು ವರ್ಷ ಮೊದಲು, 1955ರಲ್ಲಿ, ಹೈದರಾಬಾದ್ ರಾಜ್ಯ ತನ್ನದೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತ್ತು. ಒಂದೇ ಕಾಯ್ದೆಯಡಿ ಬೆಳೆಯಬೇಕಿದ್ದ ರಾಯಚೂರಿನ ಮತ್ತು ಗದ್ವಾಲದ ಗ್ರಂಥಾಲಯಗಳು ಹೀಗೆ ಆರಂಭದಲ್ಲೇ ಬೇರೆಯಾದವು. ಆಂಧ್ರಪ್ರದೇಶ 1960ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಕಾಯ್ದೆಗಳ ಬದಲಿಗೆ ಒಂದೇ ಕಾಯ್ದೆ ತಂದಿತು, ಮೈಸೂರು ರಾಜ್ಯ 1965ರಲ್ಲಿ ತನ್ನ ಕಾಯ್ದೆ ತಂದಿತು.

1960ರ ಕಾಯ್ದೆ ಕಟ್ಟಿದ ವ್ಯವಸ್ಥೆಯೇ ಇಂದಿಗೂ ತೆಲಂಗಾಣದಲ್ಲಿ ನಡೆದಿದೆ. ಜಿಲ್ಲೆಗೊಂದು ಜಿಲ್ಲಾ ಗ್ರಂಥಾಲಯ ಸಂಸ್ಥೆ, ಅದರ ಕೆಳಗೆ ಜಿಲ್ಲಾ ಕೇಂದ್ರ ಗ್ರಂಥಾಲಯ, ಶಾಖಾ ಗ್ರಂಥಾಲಯಗಳು, ಗ್ರಾಮ ಗ್ರಂಥಾಲಯಗಳು. ಹಣದ ಮೂಲ ಗ್ರಂಥಾಲಯ ಕರ: ಮನೆ ತೆರಿಗೆಯ ಪ್ರತಿ ರೂಪಾಯಿಗೆ 8 ಪೈಸೆ. ಅದನ್ನು ಪುರಸಭೆಗಳೂ ಪಂಚಾಯಿತಿಗಳೂ ವಸೂಲಿ ಮಾಡಿ ಸಂಸ್ಥೆಗೆ ಕಟ್ಟಬೇಕು. ಕಟ್ಟುವುದು ತಡವಾದಾಗ ಮೊದಲು ಕತ್ತರಿ ಬೀಳುವುದು ಪುಸ್ತಕ ಮತ್ತು ಪತ್ರಿಕೆಗಳ ಖರೀದಿಗೆ. ತೆಲಂಗಾಣ ರಾಜ್ಯವಾದದ್ದು 2014ರ ಜೂನ್ 2ರಂದು. 2016ರ ಅಕ್ಟೋಬರ್ 11ರಂದು ಜೋಗುಳಾಂಬ ಗದ್ವಾಲ ಜಿಲ್ಲೆ, 2019ರ ಫೆಬ್ರವರಿ 17ರಂದು ಮಕ್ತಲ್ ಒಳಗೊಂಡ ನಾರಾಯಣಪೇಟೆ ಜಿಲ್ಲೆ ರೂಪುಗೊಂಡವು. ಅಲ್ಲಿಯವರೆಗೆ ಮಹಬೂಬನಗರದತ್ತ ನೋಡುತ್ತಿದ್ದ ಗ್ರಂಥಾಲಯಗಳಿಗೆ ಆಡಳಿತ ಹತ್ತಿರವಾಯಿತು.

ಈ ಸೀಮೆಗೆ ಓದು ಬರಹದ ನಂಟು ಕಾಯ್ದೆಗಿಂತ ಬಹಳ ಹಳೆಯದು. ಪಂಡಿತರನ್ನು ಪೋಷಿಸಿದ ಗದ್ವಾಲ ಸಂಸ್ಥಾನಕ್ಕೆ ‘ವಿದ್ವದ್ಗದ್ವಾಲ’ ಎಂಬ ಹೆಸರಿತ್ತು. ಸಂಸ್ಥಾನದ ಕೋಟೆಯಲ್ಲಿ ಈಗ ಮಹಾರಾಣಿ ಆದಿಲಕ್ಷ್ಮೀ ದೇವಮ್ಮ ಹೆಸರಿನ ಸರ್ಕಾರಿ ಪದವಿ ಕಾಲೇಜು ಇದೆ. ಇದೇ ಸೀಮೆಯಿಂದ ಬಂದ ಸುರವರಂ ಪ್ರತಾಪರೆಡ್ಡಿ 1926ರಲ್ಲಿ ‘ಗೋಲಕೊಂಡ ಪತ್ರಿಕೆ’ ಆರಂಭಿಸಿದರು. ತೆಲಂಗಾಣದಲ್ಲಿ ಕವಿಗಳಿಲ್ಲ ಎಂಬ ಮಾತಿಗೆ ಉತ್ತರವಾಗಿ ಅವರು ಹಳ್ಳಿಹಳ್ಳಿಗಳಿಂದ ಮುನ್ನೂರೈವತ್ತಕ್ಕೂ ಹೆಚ್ಚು ಕವಿಗಳ ಹೆಸರು, ಊರು, ಪದ್ಯಗಳನ್ನು ಕಲೆಹಾಕಿ 1934ರಲ್ಲಿ ‘ಗೋಲಕೊಂಡ ಕವುಲ ಸಂಚಿಕೆ’ ಪ್ರಕಟಿಸಿದರು. ದೂರದೂರದ ಊರುಗಳಿಂದ ಮಾಹಿತಿ ತರಿಸಿ ಒಂದೆಡೆ ಕ್ರಮವಾಗಿ ಜೋಡಿಸಿದ ಆ ಕೆಲಸ ಗ್ರಂಥಸೂಚಿಯ ಕೆಲಸವೇ ಆಗಿತ್ತು. ಈಗಿನ ಆನ್‌ಲೈನ್ ಸೂಚಿಗಳನ್ನು ಕಟ್ಟುವವರು ಅದನ್ನು ನೆನೆಯಬೇಕು.

ಕನ್ನಡದ ಪಾಲೂ ಇಲ್ಲಿ ಸಣ್ಣದಲ್ಲ. ದಾಸ ಸಾಹಿತ್ಯದ ಗೋಪಾಲದಾಸರು ನೆಲೆಸಿದ ಉತ್ತನೂರು ಗದ್ವಾಲ ಸೀಮೆಯಲ್ಲಿದೆ. ಐಜಿಯ ವೆಂಕಟರಾಮಾಚಾರ್ಯರು, ಅಂದರೆ ಮುಂದೆ ವ್ಯಾಸತತ್ತ್ವಜ್ಞರೆಂದು ಹೆಸರಾದ ಯತಿಗಳು, ಇದೇ ನೆಲದವರು. ಕೃಷ್ಣಾ ನದಿ ತೆಲಂಗಾಣವನ್ನು ಸೇರುವ ಕಡೆಯ ಊರುಗಳಲ್ಲಿ ಮನೆಮಾತು ಕನ್ನಡ. ಕೃಷ್ಣಾ ಮಂಡಲದ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮ ಉಳಿದುಬಂದಿದೆ. ನಾರಾಯಣಪೇಟೆಯ ನೇಕಾರರ ಬೀದಿಗಳಲ್ಲಿ ತೆಲುಗು, ಕನ್ನಡ, ಮರಾಠಿ ಮೂರೂ ಕೇಳಿಬರುತ್ತವೆ. ಹಳೆಯ ತಲೆಮಾರಿನ ಕಾಗದಪತ್ರಗಳು ಉರ್ದುವಿನಲ್ಲಿವೆ. ಇಲ್ಲಿನ ಗ್ರಂಥಾಲಯ ಎಂದರೆ ಕನಿಷ್ಠ ಐದು ಭಾಷೆ, ನಾಲ್ಕೈದು ಲಿಪಿಗಳ ಗ್ರಂಥಾಲಯ. ಹೊಸ ಸಾಧನ ಯಾವುದೇ ಬಂದರೂ ಅದು ಮೊದಲು ಎದುರಿಸಬೇಕಾದದ್ದು ಈ ಸಂಗತಿಯನ್ನು.

ಕಂಪ್ಯೂಟರಿಗೆ ಮುಂಚಿನ ಕೆಲಸ ರಿಜಿಸ್ಟರುಗಳ ಮೇಲೆ ನಿಂತಿತ್ತು. ಬಂದ ಪುಸ್ತಕಕ್ಕೆ ಅಕ್ಸೆಷನ್ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ, ಒಳಪುಟದಲ್ಲಿ ಸಂಸ್ಥೆಯ ಮುದ್ರೆ, ಬೆನ್ನಿಗೆ ವರ್ಗಸಂಖ್ಯೆಯ ಚೀಟಿ, ಕೊನೆಯ ಪುಟಕ್ಕೆ ಹಿಂದಿರುಗಿಸುವ ದಿನಾಂಕದ ಚೀಟಿ. ಸದಸ್ಯರ ಠೇವಣಿಗೆ ಒಂದು ಪುಸ್ತಕ, ದಿನದ ಓದುಗರ ಸಹಿಗೆ ಇನ್ನೊಂದು, ಪತ್ರಿಕೆಗಳಿಗೆ ಮತ್ತೊಂದು. ವರ್ಷಕ್ಕೊಮ್ಮೆ ಸ್ಟಾಕ್ ಪರಿಶೀಲನೆ. ಶಾಖಾ ಗ್ರಂಥಾಲಯಗಳಲ್ಲಿ ಇವೆಲ್ಲವನ್ನೂ ಹೆಚ್ಚಾಗಿ ಒಬ್ಬರೇ ನೋಡಿಕೊಳ್ಳಬೇಕಾಗುತ್ತದೆ. ಬಾಗಿಲು ತೆರೆಯುವವರೂ ಅವರೇ, ಲೆಕ್ಕ ಕಳಿಸುವವರೂ ಅವರೇ. ಆನ್‌ಲೈನ್ ಸಾಧನಗಳ ಬಗ್ಗೆ ದೊಡ್ಡ ನಗರಗಳಲ್ಲಿ ಬರೆದ ಮಾರ್ಗದರ್ಶಿಗಳು ಮರೆಯುವುದು ಈ ಒಬ್ಬರನ್ನೇ. ಹೊಸ ಸಾಧನ ಹಳೆಯದೊಂದು ಕೆಲಸವನ್ನು ಕೈಬಿಡಲು ಅವಕಾಶ ಕೊಡದಿದ್ದರೆ ಅದು ಎರಡನೆಯ ರಿಜಿಸ್ಟರ್ ಆಗುತ್ತದೆ ಅಷ್ಟೆ. ಕಂಪ್ಯೂಟರಿನಲ್ಲಿ ಪುಸ್ತಕ ಕೊಟ್ಟದ್ದನ್ನು ದಾಖಲಿಸಿ, ಮತ್ತೆ ಅದನ್ನೇ ಪುಸ್ತಕದಲ್ಲೂ ಬರೆಯುವ ಪದ್ಧತಿ ಹೆಚ್ಚು ದಿನ ನಡೆಯಲಾರದು. ಎರಡರಲ್ಲಿ ಒಂದು ಸೊರಗುತ್ತದೆ, ಸಾಮಾನ್ಯವಾಗಿ ಸೊರಗುವುದು ಹೊಸದು.

ಭಾರತದ ಗ್ರಂಥಾಲಯಗಳಲ್ಲಿ ಕಂಪ್ಯೂಟರೀಕರಣಕ್ಕೆ ಮೂರು ಹೆಸರುಗಳು ಪರಿಚಿತ. ಕಾಲೇಜುಗಳಿಗಾಗಿ ಇನ್‌ಫ್ಲಿಬ್‌ನೆಟ್ ರೂಪಿಸಿದ ‘ಸೋಲ್’. ಸರ್ಕಾರಿ ಮತ್ತು ಸಾರ್ವಜನಿಕ ಗ್ರಂಥಾಲಯಗಳಿಗೆಂದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಮಾಡಿದ ‘ಇ-ಗ್ರಂಥಾಲಯ’. ಮತ್ತು ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಸಣ್ಣ ಪ್ರದೇಶದ ಗ್ರಂಥಾಲಯಕ್ಕಾಗಿ ಹುಟ್ಟಿ, 2000ದ ಜನವರಿಯಲ್ಲಿ ಬಳಕೆಗೆ ಬಂದು, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ‘ಕೋಹಾ’. ಮೂರೂ ಮಾಡುವ ಕೆಲಸ ಒಂದೇ ಬಗೆಯದು: ಪುಸ್ತಕದ ವಿವರ ಸೇರಿಸುವುದು, ಸದಸ್ಯರಿಗೆ ಕೊಡುವುದು, ಮರಳಿ ಪಡೆಯುವುದು, ಹುಡುಕಲು ಸೂಚಿ ಒದಗಿಸುವುದು. ಇವುಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ, ಪುಸ್ತಕದ ವಿವರವನ್ನು ಯಾವ ಲಿಪಿಯಲ್ಲಿ, ಯಾವ ಕಾಗುಣಿತದಲ್ಲಿ ಸೇರಿಸಬೇಕು ಎಂಬುದು. ಗಡಿನಾಡಿನಲ್ಲಿ ಸೂಚಿಯ ಗೆಲುವು ಸೋಲು ನಿಂತಿರುವುದು ಇದರ ಮೇಲೆ.

ಬೇಗ ಮುಗಿಸುವ ಆತುರದಲ್ಲಿ ಎಲ್ಲ ಭಾಷೆಯ ಪುಸ್ತಕಗಳನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವುದು ಹಲವು ಕಡೆ ನಡೆದ ರೂಢಿ. ಅದರ ಫಲ ಏನೆಂದರೆ ಒಂದೇ ಕನ್ನಡ ಹೆಸರು ಮೂರು ನಾಲ್ಕು ರೂಪಗಳಲ್ಲಿ ಕೂತುಬಿಡುತ್ತದೆ. ದೀರ್ಘವಿಲ್ಲ, ಮಹಾಪ್ರಾಣವಿಲ್ಲ, ‘ಲ’ ‘ಳ’ ಭೇದವಿಲ್ಲ. ಓದುಗರು ಒಂದು ಬಗೆಯಲ್ಲಿ ಬರೆದು ಹುಡುಕಿದರೆ ಸೂಚಿಯಲ್ಲಿರುವುದು ಇನ್ನೊಂದು ಬಗೆ. ಪುಸ್ತಕ ಕಪಾಟಿನಲ್ಲೇ ಇದ್ದರೂ ಇಲ್ಲವೆಂದು ಉತ್ತರ ಬರುತ್ತದೆ. ಇನ್ನೊಂದು ಬಗೆಯ ತೊಡಕು ಹಳೆಯ ಕನ್ನಡ ತಂತ್ರಾಂಶಗಳಿಂದ ಬಂದದ್ದು. ಬರಹ, ನುಡಿಗಳು ಕನ್ನಡ ಟೈಪಿಂಗನ್ನು ಮನೆಮನೆಗೆ ಮುಟ್ಟಿಸಿದವು, ಆ ಉಪಕಾರ ದೊಡ್ಡದು. ಆದರೆ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಮಾಡಿದ ಪಟ್ಟಿಗಳು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ಹುಡುಕಾಟಕ್ಕೆ ಸಿಗುವುದಿಲ್ಲ. ಅಂಥ ಪಟ್ಟಿಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ತಪ್ಪು ತಿದ್ದಿ, ಆಮೇಲೆ ಸೂಚಿಗೆ ಸೇರಿಸಬೇಕು.

ಯೂನಿಕೋಡಿನಲ್ಲಿ ಈ ಸೀಮೆಗೆ ಹೇಳಿ ಮಾಡಿಸಿದಂಥ ಒಂದು ಅನುಕೂಲ ಅಡಗಿದೆ. ಭಾರತದ ಹಿಂದಿನ ಇಸ್ಕಿ ಮಾನಕವನ್ನು ಅನುಸರಿಸಿ ಭಾರತೀಯ ಲಿಪಿಗಳಿಗೆ ಜಾಗ ಹಂಚಿದ್ದರಿಂದ ತೆಲುಗು ಮತ್ತು ಕನ್ನಡ ಅಕ್ಕಪಕ್ಕದಲ್ಲೇ, ಒಂದೇ ಕ್ರಮದಲ್ಲಿ ಕೂತಿವೆ. ತೆಲುಗಿನ ‘ಕ’ ಅಕ್ಷರದ ಸಂಖ್ಯೆ 3093, ಕನ್ನಡದ ‘ಕ’ ಅಕ್ಷರದ್ದು 3221. ಹೆಚ್ಚುಕಡಿಮೆ ಎಲ್ಲ ಅಕ್ಷರಗಳ ನಡುವೆಯೂ ಇದೇ 128ರ ಅಂತರ. ಆದ್ದರಿಂದ ಒಂದು ಲಿಪಿಯಲ್ಲಿ ಟೈಪ್ ಮಾಡಿದ ಶೀರ್ಷಿಕೆಯನ್ನು ಇನ್ನೊಂದು ಲಿಪಿಗೆ ಬದಲಿಸುವುದು ಕಂಪ್ಯೂಟರಿಗೆ ಸುಲಭದ ಕೆಲಸ. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ತೆಲುಗು ಕಲಿತ ಓದುಗರು ಈ ಸೀಮೆಯಲ್ಲಿ ಬಹಳ. ಅವರು ತೆಲುಗು ಅಕ್ಷರದಲ್ಲಿ ಟೈಪ್ ಮಾಡಿ ಕನ್ನಡ ಪುಸ್ತಕ ಕಂಡುಕೊಳ್ಳುವಂತೆ ಸೂಚಿ ಇರಬೇಕು. ಅದಕ್ಕಾಗಿ ಪುಸ್ತಕದ ದಾಖಲೆಯಲ್ಲಿ ಮೂಲ ಲಿಪಿಯ ಶೀರ್ಷಿಕೆಯ ಜೊತೆಗೆ ಇನ್ನೊಂದು ಲಿಪಿಯ ರೂಪವನ್ನೂ ಇಡಬಹುದು. ಗ್ರಂಥಾಲಯಗಳು ಜಗತ್ತಿನಾದ್ಯಂತ ಬಳಸುವ ಮಾರ್ಕ್ ಎಂಬ ದಾಖಲೆ ಮಾದರಿಯಲ್ಲಿ ಇದಕ್ಕೆಂದೇ 880 ಎಂಬ ಅಂಕಣವಿದೆ.

ಲಿಪಿ ಸರಿಹೋದರೂ ಹೆಸರುಗಳ ತೊಡಕು ಉಳಿಯುತ್ತದೆ. ಕನ್ನಡದಲ್ಲಿ ‘ರಾವ್’ ಅಥವಾ ‘ರಾಯ’ ಎಂದು ಬರೆಯುವುದು ತೆಲುಗಿನಲ್ಲಿ ‘ರಾವು’ ಆಗುತ್ತದೆ. ಕುವೆಂಪು ಕೆಲವು ಕಡೆ ಕೆ.ವಿ. ಪುಟ್ಟಪ್ಪ, ಗಳಗನಾಥರು ಕೆಲವು ಕಡೆ ವೆಂಕಟೇಶ ತಿರಕೋ ಕುಲಕರ್ಣಿ. ಇಂಥ ಹೆಸರುಗಳಿಗೆ ಒಂದು ಅಧಿಕೃತ ರೂಪ ಗೊತ್ತುಮಾಡಿ ಉಳಿದವುಗಳಿಂದ ಅದಕ್ಕೆ ದಾರಿ ತೋರಿಸುವುದು ಹಳೆಯ ಕಾರ್ಡ್ ಸೂಚಿಯ ಕಾಲದಿಂದ ನಡೆದುಬಂದ ಶಿಸ್ತು. ಆನ್‌ಲೈನ್ ಆದ ಮೇಲೆ ಅದರ ಅಗತ್ಯ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ವರ್ಗೀಕರಣದಲ್ಲಿ ಮಾತ್ರ ಎರಡು ಭಾಷೆಗಳೂ ಮೊದಲಿನಿಂದ ನೆರೆಮನೆಯವು. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814, ತೆಲುಗು ಸಾಹಿತ್ಯ 894.827, ಕಪಾಟಿನಲ್ಲಿ ಒಂದರ ಬೆನ್ನಿಗೇ ಇನ್ನೊಂದು ಬರುತ್ತದೆ.

ಸೂಚಿಯ ನಂತರದ ಪ್ರಶ್ನೆ, ಸೂಚಿಗೆ ಸೇರಲು ಕನ್ನಡ ಪುಸ್ತಕಗಳು ಎಲ್ಲಿಂದ ಬರಬೇಕು ಎಂಬುದು. ರಾಜ್ಯಮಟ್ಟದ ಖರೀದಿಯಲ್ಲಿ ತೆಲುಗಿಗೆ ಮೊದಲ ಪಾಲು ಸಿಗುವುದು ಸಹಜ. 1972ರಲ್ಲಿ ಸ್ಥಾಪನೆಯಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವೂ ರಾಜ್ಯಗಳ ಮೂಲಕವೇ ಬರುತ್ತದೆ. ಗಡಿಯ ಈಚೆಗಿನ ಕನ್ನಡ ಓದುಗರಿಗೆ ಪುಸ್ತಕದಂಗಡಿ ಎಂದರೆ ರಾಯಚೂರು. ಗದ್ವಾಲದಿಂದ ರಾಯಚೂರಿಗೆ 2013ರಲ್ಲಿ ರೈಲು ಬಂತು. ಜಕ್ಲೇರ್‌ನಿಂದ ಮಕ್ತಲ್ ಮೂಲಕ ಕೃಷ್ಣಾ ನಿಲ್ದಾಣ ಸೇರುವ ಹೊಸ ಮಾರ್ಗ 2023ರ ಅಕ್ಟೋಬರ್ 1ರಂದು ಉದ್ಘಾಟನೆಯಾಯಿತು. ಓಡಾಟ ಸುಲಭವಾದರೂ ಗ್ರಂಥಾಲಯದ ಖರೀದಿ ರೈಲಿನ ಹಿಂದೆ ಹೋಗುವುದಿಲ್ಲ.

ಈ ಕೊರತೆಗೆ ಆನ್‌ಲೈನ್ ಜಗತ್ತು ಕೊಟ್ಟ ಪರಿಹಾರ ಹೈದರಾಬಾದಿನಿಂದಲೇ ಬಂದದ್ದು ಎಂಬುದು ಇಲ್ಲಿ ವಿಶೇಷವಾಗಿ ಹೇಳಬೇಕಾದ ಮಾತು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ, ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಮೊದಲಾದವು ಸೇರಿ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಲಕ್ಷಾಂತರ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದವು. ನಿಜಾಮರ ಕಾಲದಲ್ಲಿ ಆಸಫಿಯಾ ಎಂದು 1891ರಲ್ಲಿ ಆರಂಭವಾದ, ಅಫ್ಜಲ್‌ಗಂಜಿನ ರಾಜ್ಯ ಕೇಂದ್ರ ಗ್ರಂಥಾಲಯ ಮತ್ತು ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯಗಳ ಸಂಗ್ರಹ ಈ ಕೆಲಸಕ್ಕೆ ದೊಡ್ಡ ಆಧಾರವಾದವು. ಉಸ್ಮಾನಿಯಾದಲ್ಲಿ ಕನ್ನಡ ವಿಭಾಗವಿದ್ದ ಕಾರಣ ಅಲ್ಲಿ ಕೂಡಿಟ್ಟಿದ್ದ ಕನ್ನಡ ಪುಸ್ತಕಗಳೂ ಸ್ಕ್ಯಾನ್ ಆದವು. ಈಗ ಅಂತರಜಾಲದಲ್ಲಿ ಹಳೆಯ ಕನ್ನಡ ಪುಸ್ತಕ ತೆರೆದರೆ ಎಷ್ಟೋ ಬಾರಿ ಮೊದಲು ಕಾಣುವುದು ಉಸ್ಮಾನಿಯಾ ಗ್ರಂಥಾಲಯದ ಅಕ್ಸೆಷನ್ ಸಂಖ್ಯೆ ಮತ್ತು ಕಡೆಯ ದಿನಾಂಕದೊಳಗೆ ಹಿಂದಿರುಗಿಸಬೇಕೆಂಬ ಸೂಚನೆ ಇರುವ ಚೀಟಿ. ಧಾರವಾಡದಲ್ಲೋ ಮಂಗಳೂರಿನಲ್ಲೋ ಅಚ್ಚಾಗಿ, ಕರ್ನಾಟಕದಲ್ಲೇ ಅಪರೂಪವಾದ ಪುಸ್ತಕಗಳನ್ನು ಹೈದರಾಬಾದ್ ಜೋಪಾನ ಮಾಡಿ ಎಲ್ಲ ಕನ್ನಡಿಗರಿಗೂ ಕೊಟ್ಟಿದೆ.

ಆ ಯೋಜನೆಯ ಮೂಲ ಜಾಲತಾಣ ಸುಮಾರು 2017ರ ಹೊತ್ತಿಗೆ ಮುಚ್ಚಿತು. ಅದಕ್ಕೆ ಮೊದಲೇ ಅದರ ಬಹುಪಾಲು ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವ್ ತನ್ನಲ್ಲಿ ಪ್ರತಿ ಮಾಡಿಟ್ಟುಕೊಂಡಿತ್ತು, ಹಾಗಾಗಿ ಅವು ಉಳಿದವು. ಹೊಸ ಸಾಧನಗಳನ್ನು ನೆಚ್ಚುವ ಯಾವ ಗ್ರಂಥಾಲಯವೂ ಈ ಘಟನೆಯಿಂದ ಕಲಿಯಬೇಕು. ಒಂದೇ ಕೊಂಡಿಯನ್ನು ಸೂಚಿಯಲ್ಲಿ ಬರೆದಿಟ್ಟರೆ ಸಾಲದು, ಹೆಚ್ಚು ಕೇಳಿಬರುವ ಪುಸ್ತಕಗಳ ಕಡತವನ್ನು ಗ್ರಂಥಾಲಯದ ಕಂಪ್ಯೂಟರಿನಲ್ಲೇ ಇಟ್ಟುಕೊಂಡರೆ ಜಾಲತಾಣ ಮುಚ್ಚಿದರೂ, ನೆಟ್‌ವರ್ಕ್ ಇಲ್ಲದಿದ್ದರೂ ಓದುಗರಿಗೆ ಕೊಡಬಹುದು. ಆ ಸಂಗ್ರಹದ ಶೀರ್ಷಿಕೆಗಳು ಇಂಗ್ಲಿಷ್ ಅಕ್ಷರದಲ್ಲಿ, ಹೇಗೆಂದರೆ ಹಾಗೆ ನಮೂದಾಗಿವೆ. ಲೇಖಕರ ಹೆಸರಿನ ಜಾಗದಲ್ಲಿ ಪ್ರಕಾಶಕರ ಹೆಸರು ಇರುವುದೂ ಉಂಟು. ಓದುಗರು ತಾವೇ ಹುಡುಕಿ ಸೋಲುವ ಜಾಗ ಇದು. ಗ್ರಂಥಪಾಲಕರು ಒಮ್ಮೆ ಹುಡುಕಿ, ಸರಿಯಾದ ಕನ್ನಡ ಶೀರ್ಷಿಕೆಯೊಡನೆ ತಮ್ಮ ಸೂಚಿಯಲ್ಲಿ ಸೇರಿಸಿದರೆ ಮುಂದೆ ಬರುವ ಎಲ್ಲರ ಶ್ರಮ ಉಳಿಯುತ್ತದೆ. ಕೊಳ್ಳಲು ಹಣವಿಲ್ಲದ ಗ್ರಂಥಾಲಯ ಒಂದು ರೂಪಾಯಿ ಖರ್ಚಿಲ್ಲದೆ ಕನ್ನಡ ಕಪಾಟು ಬೆಳೆಸುವ ದಾರಿ ಇದು. ಖರಗ್‌ಪುರದ ಐಐಟಿ ನಡೆಸುವ, 2018ರ ಜೂನ್‌ನಲ್ಲಿ ದೇಶಕ್ಕೆ ಸಮರ್ಪಣೆಯಾದ ಭಾರತೀಯ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವೂ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಆರಂಭಿಸಿದ ನಿಘಂಟುಗಳ ಕಣಜ ‘ಭಾರತವಾಣಿ’ಯೂ, ಕನ್ನಡ ವಿಕಿಸೋರ್ಸೂ ಇದೇ ಸಾಲಿಗೆ ಸೇರುತ್ತವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇವುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಭಾರತವಾಣಿ. ಕನ್ನಡ, ತೆಲುಗು ಎರಡೂ ನಿಘಂಟುಗಳು ಒಂದೇ ಕಡೆ ಸಿಗುವುದರಿಂದ ಶಿಕ್ಷಕರಿಗೂ ಅನುಕೂಲ.

ಹಕ್ಕುಸ್ವಾಮ್ಯದ ತಿಳಿವಳಿಕೆ ಈ ಕೆಲಸದ ಒಂದು ಭಾಗ. ಅಂತರಜಾಲದಲ್ಲಿ ಸಿಕ್ಕಿದ್ದೆಲ್ಲ ಹಂಚಬಹುದಾದದ್ದಲ್ಲ. 1957ರ ಕಾಯ್ದೆಯಂತೆ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಪಂಜೆ ಮಂಗೇಶರಾಯರು (1937), ಗಳಗನಾಥರು (1942), ಬಿ.ಎಂ.ಶ್ರೀ (1946), ಸುರವರಂ ಪ್ರತಾಪರೆಡ್ಡಿ (1953) ಇವರ ಕೃತಿಗಳು ಈಗ ಎಲ್ಲರ ಸೊತ್ತು. 1964ರಲ್ಲಿ ತೀರಿಕೊಂಡ ಆಲೂರು ವೆಂಕಟರಾಯರ ಕೃತಿಗಳು 2025ರ ಆರಂಭದಿಂದ ಆ ಸಾಲಿಗೆ ಸೇರಿದವು. ಮಾಸ್ತಿ, ಕುವೆಂಪು ಕೃತಿಗಳು ಇನ್ನೂ ಹಕ್ಕಿನಡಿ ಇವೆ. ಇದರ ಜೊತೆಗೆ ಗ್ರಂಥಾಲಯಗಳಿಗೆ ಕಾಯ್ದೆ ಕೆಲವು ವಿನಾಯಿತಿ ಕೊಡುತ್ತದೆ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ಲಾಭೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮಾಡಿಕೊಳ್ಳಬಹುದು. ತನ್ನಲ್ಲಿ ಅಚ್ಚಿನ ಪ್ರತಿ ಇರುವ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು 2012ರ ತಿದ್ದುಪಡಿ ಅವಕಾಶ ಕೊಟ್ಟಿತು. ಪುಟಗಳು ಪುಡಿಯಾಗುತ್ತಿರುವ ಹಳೆಯ ಪುಸ್ತಕಗಳಿರುವ ಗ್ರಂಥಾಲಯಗಳು ಈ ಅವಕಾಶವನ್ನು ತಡಮಾಡದೆ ಬಳಸಬೇಕು.

ಓದುಕೋಣೆಯ ಚಿತ್ರವೂ ಈ ವರ್ಷಗಳಲ್ಲಿ ಬದಲಾಯಿತು. ಹಿಂದೆ ಬೆಳಗ್ಗೆ ಪತ್ರಿಕೆ ಓದುವ ಹಿರಿಯರು ಹೆಚ್ಚಿದ್ದರು. ರಾಜ್ಯ ಹೊಸದಾದ ಮೇಲೆ ಗ್ರೂಪ್ ಪರೀಕ್ಷೆ, ಪೊಲೀಸ್ ನೇಮಕಾತಿ, ಶಿಕ್ಷಕರ ನೇಮಕಾತಿಗೆ ಓದುವ ಯುವಕ ಯುವತಿಯರು ತೆಲಂಗಾಣದ ಗ್ರಂಥಾಲಯಗಳನ್ನು ತುಂಬಿದರು. ಬುತ್ತಿ ಕಟ್ಟಿಕೊಂಡು ಬಂದು ಸಂಜೆಯವರೆಗೆ ಕೂರುವವರು ಇವರು. ಇವರಿಗೆ ಬೇಕಾದದ್ದು ಕೂರಲು ಜಾಗ, ಫ್ಯಾನು, ವೈಫೈ, ಹಳೆಯ ಪ್ರಶ್ನೆಪತ್ರಿಕೆ, ಆನ್‌ಲೈನ್ ಅರ್ಜಿ ತುಂಬಲು ಒಂದು ಕಂಪ್ಯೂಟರ್. 2016ರ ನಂತರ ಅಗ್ಗವಾದ ಮೊಬೈಲ್ ಡೇಟಾದಿಂದ ಪಾಠದ ವಿಡಿಯೋಗಳು ಎಲ್ಲರ ಕೈಗೆ ಬಂದವು, ಆದರೆ ಮನೆಯಲ್ಲಿ ಕೂತು ಓದುವ ಜಾಗ ಬರಲಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ಬಾಗಿಲು ಮುಚ್ಚಿದಾಗ ಗ್ರಂಥಾಲಯವೆಂದರೆ ಕಟ್ಟಡವೂ ಹೌದೆಂಬುದು ಎಲ್ಲರಿಗೂ ತಿಳಿಯಿತು.

ಸಣ್ಣ ಊರಿನ ಗ್ರಂಥಾಲಯಗಳಿಗೆ ಅತ್ಯಂತ ಸುಲಭವಾಗಿ ಹೊಂದುವ ಸಾಧನ ವಾಟ್ಸ್‌ಆ್ಯಪ್. ಅದಕ್ಕೆ ಬೇರೆ ತರಬೇತಿ ಬೇಕಿಲ್ಲ. ಹೊಸ ಪುಸ್ತಕಗಳ ಮುಖಪುಟದ ಚಿತ್ರ, ನೇಮಕಾತಿ ಅಧಿಸೂಚನೆ, ರಜೆಯ ದಿನಗಳು, ಪುಸ್ತಕ ಮರಳಿಸುವ ನೆನಪು ಇವೆಲ್ಲ ಅಲ್ಲೇ ಹೋಗಬಹುದು. ಅಕ್ಷರ ಟೈಪ್ ಮಾಡಲು ಬಾರದ ಹಿರಿಯರು ಪುಸ್ತಕದ ಹೆಸರನ್ನು ಕನ್ನಡದಲ್ಲೇ ಹೇಳಿ ಧ್ವನಿ ಸಂದೇಶ ಕಳಿಸಬಹುದು. 2017ರಿಂದ ಕನ್ನಡ, ತೆಲುಗು ಎರಡರಲ್ಲೂ ಮಾತಾಡಿ ಟೈಪ್ ಮಾಡುವ ಸೌಲಭ್ಯವೂ ಫೋನಿನಲ್ಲಿ ಸಿಗುತ್ತಿದೆ. ಎಚ್ಚರ ವಹಿಸಬೇಕಾದ್ದು ಸದಸ್ಯರ ಫೋನ್ ಸಂಖ್ಯೆಗಳ ವಿಷಯದಲ್ಲಿ. ಗುಂಪು ಮಾಡಿದರೆ ಪ್ರತಿಯೊಬ್ಬರ ಸಂಖ್ಯೆ ಎಲ್ಲರಿಗೂ ಕಾಣುತ್ತದೆ, ವಿದ್ಯಾರ್ಥಿನಿಯರು ಇದೇ ಕಾರಣಕ್ಕೆ ಹಿಂದೆ ಸರಿಯುತ್ತಾರೆ. ಸಂಖ್ಯೆ ಕಾಣದ ಪ್ರಸಾರ ಪಟ್ಟಿ ಬಳಸುವುದೇ ಸರಿ. ಯಾರು ಯಾವ ಪುಸ್ತಕ ಒಯ್ದರೆಂಬುದು ಇಶ್ಯೂ ರಿಜಿಸ್ಟರಿನಲ್ಲಿದ್ದಷ್ಟೇ ಗೋಪ್ಯವಾಗಿ ಕಂಪ್ಯೂಟರಿನಲ್ಲೂ ಇರಬೇಕು.

ಹೊರಗಿನ ಸಂಗ್ರಹವನ್ನು ಒಳಗೆ ತರುವಷ್ಟೇ ಬೆಲೆಯುಳ್ಳ ಇನ್ನೊಂದು ಕೆಲಸ, ಇಲ್ಲಿನದನ್ನು ಹೊರಗೆ ಕಾಣಿಸುವುದು. ದಾಸರ ಪದ, ಸುಳಾದಿಗಳ ಹಸ್ತಪ್ರತಿ, ಭಜನೆಯ ಕೈಬರಹದ ಪುಸ್ತಕ, ನೇಕಾರರ ಲೆಕ್ಕದ ವಹಿ, ಉರ್ದುವಿನ ಜಮೀನು ಕಾಗದ ಇಂಥವು ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಇರುವಂಥವು. ಅವುಗಳನ್ನು ಗ್ರಂಥಾಲಯ ಕೇಳಿ ತೆಗೆದುಕೊಳ್ಳಬೇಕಿಲ್ಲ. ಮನೆಯವರ ಎದುರಿನಲ್ಲೇ ಹಗಲು ಬೆಳಕಿನಲ್ಲಿ ಫೋನಿನಿಂದ ಪುಟಪುಟದ ಚಿತ್ರ ತೆಗೆದು, ಮೂಲವನ್ನು ಅವರಿಗೇ ಬಿಟ್ಟು, ಊರು, ಮನೆತನ, ಭಾಷೆ, ಲಿಪಿ, ಪುಟಸಂಖ್ಯೆ ಬರೆದಿಟ್ಟರೆ ಸಾಕು. ಚಿತ್ರಗಳಿಗೆ ಮನೆಯವರ ಲಿಖಿತ ಒಪ್ಪಿಗೆ ಇರಬೇಕು, ಅವರು ಬೇಡವೆಂದ ಪುಟಗಳನ್ನು ಬಿಡಬೇಕು. ತೆಲುಗು ಲಿಪಿಯಲ್ಲಿ ಬರೆದ ಕನ್ನಡ ಪದಗಳು ಸಿಕ್ಕಿದಾಗ ಭಾಷೆ ಒಂದು, ಲಿಪಿ ಒಂದು ಎಂದು ಬೇರೆ ಬೇರೆಯಾಗಿ ದಾಖಲಿಸುವುದನ್ನು ಮರೆಯಬಾರದು. ಮರೆತರೆ ಅವು ತೆಲುಗು ಪಟ್ಟಿಯಲ್ಲಿ ಸೇರಿ ಕನ್ನಡದ ಸಂಶೋಧಕರಿಗೆ ಎಂದೂ ಸಿಗುವುದಿಲ್ಲ.

ಇಷ್ಟನ್ನೂ ದಿನದ ಕೆಲಸದಲ್ಲಿ ಹೊಂದಿಸುವ ಕ್ರಮ ಹೀಗಿರಬಹುದು. ಹಳೆಯ ಪುಸ್ತಕಗಳೆಲ್ಲವನ್ನೂ ಒಮ್ಮೆಲೇ ಕಂಪ್ಯೂಟರಿಗೆ ಏರಿಸಲು ಹೊರಟರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೊಸದಾಗಿ ಬರುವ ಪುಸ್ತಕಗಳನ್ನು ಬಂದ ದಿನವೇ ಸೇರಿಸಿ, ಹಳೆಯವುಗಳಲ್ಲಿ ಓದುಗರು ಕೇಳಿ ಒಯ್ದದ್ದನ್ನು ಮರಳಿ ಬಂದಾಗ ಸೇರಿಸುತ್ತ ಹೋದರೆ, ಹೆಚ್ಚು ಬಳಕೆಯ ಪುಸ್ತಕಗಳು ಮೊದಲು ಸೂಚಿಗೆ ಬರುತ್ತವೆ. ಕನ್ನಡ ಪುಸ್ತಕಗಳು ಸಂಖ್ಯೆಯಲ್ಲಿ ಕಡಿಮೆ ಇರುವುದರಿಂದ ಅವನ್ನು ಮಾತ್ರ ಮೊದಲೇ ಪೂರ್ತಿ ಮುಗಿಸಬಹುದು. ಮೂರೂ ಊರುಗಳ ಪಟ್ಟಿಗಳನ್ನು ಒಂದೇ ಸೂಚಿಯಾಗಿ ಕೂಡಿಸಿದರೆ ಮಕ್ತಲ್‌ನಲ್ಲಿ ಇಲ್ಲದ್ದು ಗದ್ವಾಲದಲ್ಲಿ ಇದೆಯೇ ಎಂದು ತಿಳಿಯುತ್ತದೆ. ವಿದ್ಯುತ್ ಹೋದ ಹೊತ್ತಿಗೆಂದು ಒಂದೇ ಒಂದು ಪುಸ್ತಕದಲ್ಲಿ ಆ ಹೊತ್ತಿನ ಕೊಡುಕೊಳ್ಳುವಿಕೆ ಬರೆದು, ಕರೆಂಟ್ ಬಂದ ಮೇಲೆ ಏರಿಸಿಕೊಳ್ಳಬೇಕು. ಕನ್ನಡ ಟೈಪಿಂಗ್ ಬಲ್ಲ ಒಬ್ಬರನ್ನಾದರೂ ನೇಮಿಸುವುದು, ಇಲ್ಲವೇ ಇರುವವರಿಗೆ ಕಲಿಸುವುದು ಜಿಲ್ಲಾ ಗ್ರಂಥಾಲಯ ಸಂಸ್ಥೆಗಳು ಮಾಡಬೇಕಾದ ಖರ್ಚುಗಳಲ್ಲಿ ಮೊದಲನೆಯದು. ಗ್ರಂಥಾಲಯ ಕರ ಕಟ್ಟುವವರಲ್ಲಿ ಕನ್ನಡ ಮಾತಾಡುವ ಮನೆಗಳೂ ಇವೆ.